ಭಟ್ಟರ ತಂಬಿಗೆ

“ಈ ಚಳಿ ಎಲ್ಲಿಂದ ಬರ್ತಾ ಉಂಟು?”

ಬಾವಿಕಟ್ಟೆಯ ಬಳಿ ನಿಂತು ಕೃಷ್ಣರಾಜ ಗಟ್ಟಿಯಾಗಿಯೇ ಕೇಳಿದ. ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಎಪ್ರಿಲ್ ತಿಂಗಳ ಬೆಳಗು. ಉರ್ವದ ಆ ಓಣಿಯಲ್ಲಿ ಒಂದು ಎಲೆಯೂ ಅಲುಗುತ್ತಿರಲಿಲ್ಲ, ಆಚೆಮನೆಯ ಬೆಕ್ಕು ಕೂಡ ಸೆಕೆ ತಾಳಲಾರದೆ ಕಲ್ಲುಗೋಡೆಯ ಮೇಲೆ ಕಾಲು ಚಾಚಿ ಬಿದ್ದುಕೊಂಡಿತ್ತು. ಅವನ ತೋಳಿನ ಚರ್ಮ ಮಾತ್ರ ಎಳೆ ಹಲಸಿನಕಾಯಿಯ ಸಿಪ್ಪೆಯ ಹಾಗೆ ಮುಳ್ಳುಮುಳ್ಳಾಗಿ ಎದ್ದಿತ್ತು. ಹಗ್ಗ ಹಿಡಿದ ಕೈ ತನ್ನದಲ್ಲ ಎಂಬಂತೆ ನಡುಗುತ್ತಿತ್ತು. ಒಂದು ಆಕಳಿಕೆ ಬಂತು, ಅದು ಮುಗಿಯುವ ಮೊದಲೇ ಇನ್ನೊಂದು, ಕಣ್ಣಿಂದ ಧಾರೆಯಾಗಿ ನೀರು ಇಳಿಯಿತು. ಅಳು ಅಲ್ಲ ಅದು. ದುಃಖದ ಪರಿಚಯವೇ ಇಲ್ಲದ ನೀರು. ನಿನ್ನೆ ರಾತ್ರಿ ಎಂಟಕ್ಕೆ ಆದದ್ದು, ಈಗ ಆರೂಕಾಲು. ಗಡಿಯಾರ ನೋಡಬೇಕಾಗಿರಲಿಲ್ಲ, ಮೊಣಕಾಲಿನ ಗಂಟುಗಳೇ ಹೊತ್ತು ಹೇಳುತ್ತಿದ್ದವು. ಹತ್ತು ಗಂಟೆಗೆ ಬಂದರಿನ ಉಮರಬ್ಬ ಸಾಹುಕಾರರ ಮನೆಗೆ ಹೋಗುವುದು, ಅವರಿಗೆ ನೋವಿನ ಇಂಜೆಕ್ಷನ್ ಕೊಡುವುದು. ಕೊಡುವುದು ಎಂಬ ಶಬ್ದದ ಹತ್ತಿರ ಅವನ ಮನಸ್ಸು ಎಡವಿ, ಅದನ್ನು ಬಳಸಿಕೊಂಡು ಮುಂದೆ ಹೋಯಿತು. ಹತ್ತು ಗಂಟೆ. ಮೂರು ಮುಕ್ಕಾಲು ಗಂಟೆಯನ್ನು ಹೇಗಾದರೂ ದಾಟಿಸಿದರೆ ಆಯಿತು.

ವಾರಿಜಾ ಟವೆಲ್ ಹಿಡಿದು ಬಂದವಳು ಮೂರು ಹೆಜ್ಜೆ ದೂರದಲ್ಲೇ ನಿಂತುಬಿಟ್ಟಳು. ಅವನ ತೋಳು ನೋಡಿದಳು, ಕಣ್ಣು ನೋಡಿದಳು. ಮತ್ತೆ ದೇವರ ಕೋಣೆಯಲ್ಲಿ ಮಾತಾಡುವ ದನಿಯಲ್ಲಿ, “ಪುನಃ ಬಂತಾ? ಯಾವ ಪದ್ಯ ನೆನಪಾಯಿತು?” ಎಂದು ಕೇಳಿದಳು.

ಅವನು ಮುಖಕ್ಕೆ ನೀರು ಎರಚಿಕೊಂಡ. ಇಲ್ಲ ಎನ್ನಬೇಕಿತ್ತು. ಕಳೆದ ಏಕಾದಶಿಯ ದಿನವೇ ಇಲ್ಲ ಎಂದಿದ್ದರೆ ಆಗಿತ್ತು. ಅವತ್ತು ಮಠದಲ್ಲಿ ಓದು ಇತ್ತು. ಕಾಡಿಗೆ ಹೊರಟ ಮಗನ ಹಿಂದೆ ತಾಯಿ ಎದ್ದುಬಿದ್ದು ಓಡುವ ಭಾಗ. ಕೃಷ್ಣರಾಜ ಕಂಬಕ್ಕೆ ಒರಗಿ, ರಾತ್ರಿ ಎಂಟು ಯಾವಾಗ ಆದೀತು ಎಂಬುದೊಂದನ್ನೇ ಧ್ಯಾನಿಸುತ್ತ ಕೂತಿದ್ದ. ಮೈ ಮುಳ್ಳೆದ್ದಿತು, ತುಟಿ ಅದುರಿತು, ಕಣ್ಣೀರು ಗಲ್ಲದಿಂದ ಶಾಲಿನ ಮೇಲೆ ತೊಟ್ಟಿಕ್ಕಿತು. ಓದುತ್ತಿದ್ದವರು ಅವನನ್ನು ಕಂಡು ಅದೇ ಪದ್ಯವನ್ನು ಇನ್ನೊಮ್ಮೆ ಎತ್ತಿಕೊಂಡರು. ಮುಗಿದ ಮೇಲೆ ಮುದುಕರೊಬ್ಬರು ಬಂದು ಅವನ ತೋಳು ಸವರಿ, “ಕಣ್ಣೀರು, ರೋಮಾಂಚ, ನಡುಕ. ಎಷ್ಟೋ ಜನ್ಮದ ಪುಣ್ಯ ಬೇಕು ಮಗಾ ಇದಕ್ಕೆ. ನಿನ್ನ ಅಪ್ಪಯ್ಯನೇ ಕೂತ ಹಾಗೆ ಆಯಿತು,” ಎಂದಿದ್ದರು. ಹೆಂಗಸರ ಸಾಲಿನಿಂದ ವಾರಿಜಾ ಅದನ್ನು ಕೇಳಿದ್ದಳು. ಆವತ್ತಿನಿಂದ ಅವಳು ಅವನಿಗೆ ಊಟಕ್ಕೆ ಬಾಳೆ ಹಾಕುವ ರೀತಿಯೇ ಬದಲಾಗಿತ್ತು. ಮದುವೆಯಾಗಿ ಒಂಬತ್ತು ವರ್ಷದಲ್ಲಿ ಅವಳು ಅವನನ್ನು ಹೀಗೆ ನೋಡಿದ್ದಿಲ್ಲ. ಕಂಪೌಂಡರನ ಹೆಂಡತಿಯಾಗಿ ತವರಿನಲ್ಲಿ ಸಣ್ಣವಳಾಗಿದ್ದವಳು ಈಗ ತಲೆ ಎತ್ತಿ ನಡೆಯುತ್ತಿದ್ದಳು. ಅವಳ ಆ ನೋಟವನ್ನು ಅವನು ಕದ್ದು ಉಣ್ಣುತ್ತಿದ್ದ, ಕದ್ದದ್ದರಿಂದಲೋ ಏನೋ ಅದಕ್ಕೂ ರುಚಿ ಇರಲಿಲ್ಲ.

“ಇವತ್ತು ಸಂಜೆ ಆರೂವರೆಗೆ ಓದು. ನಿಮ್ಮನ್ನು ಮುಂದೆಯೇ ಕೂರಿಸ್ತಾರಂತೆ,” ಅಂದಳು ವಾರಿಜಾ. “ಬೇಗ ಬನ್ನಿ ಆಯ್ತಾ? ಹಾಲಾದರೂ ಕುಡೀರಿ. ನಿನ್ನೆಯಿಂದ ಎಂತದೂ ಇಲ್ಲ ಹೊಟ್ಟೆಗೆ.”

“ಏಕಾದಶಿ ಅಲ್ಲವಾ,” ಎಂದ ಕೃಷ್ಣರಾಜ. ಹಾಲಿನ ವಾಸನೆಗೇ ವಾಕರಿಕೆ ಬರುತ್ತಿತ್ತು. ನೀರೂ ಮುಟ್ಟದ ಉಪವಾಸ ಎಂದು ಅವಳು ತಿಳಿದುಕೊಂಡಳು. ಅವಳ ಕಣ್ಣು ತೇವವಾದದ್ದು ಕಂಡು, ಅದು ನಿಜವಾದ ಕಣ್ಣೀರು, ನೋಡಿದ ಕೂಡಲೇ ಗುರುತಿಸಬಹುದು ಎಂದು ಅವನಿಗೆ ಅನ್ನಿಸಿತು.

ಒಂದು ಕಾಲದಲ್ಲಿ ಅವನಿಗೂ ಅದು ಇತ್ತು. ಏಳೋ ಎಂಟೋ ವರ್ಷದವನಿದ್ದಾಗ, ಅಪ್ಪಯ್ಯ ಪೂಜೆ ಮುಗಿಸಿ ಬಂದು ಒದ್ದೆ ಪಾಣಿಪಂಚೆಯಲ್ಲೇ ಜಗಲಿಯಲ್ಲಿ ಕೂತು ಷಟ್ಪದಿ ಓದುತ್ತಿದ್ದರೆ ಅವರ ಮಡಿಯ ಗಂಧದ ವಾಸನೆ, ಐದನೆಯ ಸಾಲಿನಲ್ಲಿ ಅವರು ತಡೆದು ಎಳೆದುಕೊಳ್ಳುತ್ತಿದ್ದ ಉಸಿರು, ಆ ಉಸಿರು ಆರನೆಯ ಸಾಲಿನಲ್ಲಿ ಮೆಟ್ಟಿಲು ಇಳಿದ ಹಾಗೆ ಇಳಿಯುವುದು, ಇಳಿದು ಮುಟ್ಟಿದ ಕ್ಷಣ ಅವನ ಬೆನ್ನಹುರಿಯಲ್ಲಿ ಒಂದು ತಣ್ಣನೆ ಎಳೆ ಮೇಲಕ್ಕೆ ಹರಿಯುವುದು. ಅರ್ಥ ಆಗುತ್ತಿರಲಿಲ್ಲ. ಅರ್ಥ ಬೇಕಾಗಿಯೂ ಇರಲಿಲ್ಲ. ಅಪ್ಪಯ್ಯ ಹೋದ ಮೇಲೆ ಆ ಎಳೆ ಎಲ್ಲೋ ಒಳಗೆ ಸುರುಳಿ ಸುತ್ತಿ ಮಲಗಿತ್ತು. ಹೋದ ದೀಪಾವಳಿಗೆ ಮೂತ್ರದ ಕಲ್ಲಿನ ನೋವಿನಲ್ಲಿ ನೆಲದ ಮೇಲೆ ಹೊರಳುತ್ತಿದ್ದಾಗ ಡಾಕ್ಟರ್ ಯೂಸ್ಟೇಸರೇ ಸೂಜಿ ಚುಚ್ಚಿದರು. ನೋವು ಹೋಯಿತು. ಹೋದ ನೋವಿನ ಜಾಗದಲ್ಲಿ ಅಪ್ಪಯ್ಯ ಬಂದು ಕೂತರು. ಪದ್ಯ ಪೂರ್ತಿ ಕೇಳಿಸಿತು. ಐದನೆಯ ಸಾಲಿನ ಉಸಿರು ಸಹಿತ, ಗಂಧದ ವಾಸನೆ ಸಹಿತ. ಕೃಷ್ಣರಾಜ ಆ ಮಧ್ಯಾಹ್ನ ಕ್ಲಿನಿಕ್ಕಿನ ಬೆಂಚಿನ ಮೇಲೆ ಮಲಗಿ, ದೇವರು ಇರುವುದು ಇಂಥಲ್ಲೇ ಇರಬೇಕು ಎಂದುಕೊಂಡ. ಎರಡನೆಯ ಸಲ ಅಪ್ಪಯ್ಯನಿಗಾಗಿಯೇ ಚುಚ್ಚಿಕೊಂಡದ್ದು. ಮೂರನೆಯದೂ, ನಾಲ್ಕನೆಯದೂ. ಪ್ರತಿ ಸಲ ಅವರು ಸ್ವಲ್ಪ ದೂರದಲ್ಲಿ ಕೂತು ಓದಿದರು. ಆಮೇಲೆ ಆಚೆ ಜಗಲಿಯಲ್ಲಿ, ಆಮೇಲೆ ಬೀದಿಯಲ್ಲಿ. ಒಂದು ದಿನ ಅವರು ಬರಲೇ ಇಲ್ಲ. ಬಂದದ್ದು ಬರೇ ಚಳಿ ಇಲ್ಲದ ಮೂರು ಗಂಟೆ. ಈಗ ಅವನಿಗೆ ಬೇಕಾದದ್ದು ಅಷ್ಟೇ, ಎಲ್ಲರಿಗೂ ಪುಕ್ಕಟೆಯಾಗಿ ಸಿಗುವ ಆ ಮೂರು ಗಂಟೆ.

ಫಳ್ನೀರಿನ ಕ್ಲಿನಿಕ್ಕಿಗೆ ಬಸ್ಸಿನಲ್ಲಿ ನಿಂತುಕೊಂಡೇ ಬಂದ. ಕೂತರೆ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಒಳಗೆ ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಬಾಯಲ್ಲಿ ನೀರೂರಿತು, ಊಟದ ಪಂಕ್ತಿಯಲ್ಲಿ ಪಾಯಸ ಬರುವುದು ಕಂಡ ಮಕ್ಕಳಿಗೆ ಆಗುವ ಹಾಗೆ. ಅವನಿಗೆ ನಾಚಿಕೆಯಾಯಿತು. ಗಾಜಿನ ಆಂಪೂಲು ಮುರಿಯುವ ಟಿಕ್ ಶಬ್ದ ಯಾರ ಕೈಯಿಂದ ಬಂದರೂ ಈಗ ಅವನ ತಲೆಯೊಳಗೆ ಯಾರೋ ಎದ್ದು ನಿಲ್ಲುತ್ತಿದ್ದರು. ವಾರಿಜಾ ಕರೆದರೆ ಅಷ್ಟು ಬೇಗ ಏಳದವರು.

“ಎಂತ ಭಟ್ರೇ, ಆಕಳಿಸಿ ಆಕಳಿಸಿ ದವಡೆ ಕಳಚಿ ಬಿದ್ದೀತು,” ಎಂದಳು ನರ್ಸ್ ಅಪೊಲೋನಿಯಾ, ಬ್ಯಾಂಡೇಜು ಸುತ್ತುತ್ತ. “ಹೆಂಡತಿ ನಿದ್ದೆ ಮಾಡ್ಲಿಕ್ಕೆ ಬಿಡುವುದಿಲ್ಲವಾ, ಇಲ್ಲ ದೇವರಾ?”

“ನೆಗಡಿ,” ಎಂದ ಕೃಷ್ಣರಾಜ.

“ಒಂದು ತಿಂಗಳಿಂದ ನೆಗಡಿ! ಮೂಗಿಗೆ ಒಂದು ಬಿರಡೆ ಹಾಕಿ ಮಾರಾಯ್ರೇ.”

ಬೆಂಚಿನ ಮೇಲಿದ್ದ ರೋಗಿಗಳು ನಕ್ಕರು. ಅವನೂ ನಕ್ಕ. ನಗುವಾಗ ಮೂಗಿನಿಂದ ನೀರು ಸುರಿದು ರಿಜಿಸ್ಟರಿನ ಮೇಲೆ ಬಿತ್ತು. ಅದನ್ನು ಅಂಗೈಯಿಂದ ಒರಸುವಾಗ ಡಾಕ್ಟರ್ ಯೂಸ್ಟೇಸ್ ಒಳಗಿನಿಂದ ಕರೆದರು.

ಡಾಕ್ಟರು ಕುರ್ಚಿಯಲ್ಲಿ ಹಿಂದಕ್ಕೆ ವಾಲಿ, ಕನ್ನಡಕವನ್ನು ಹಣೆಗೆ ಏರಿಸಿಕೊಂಡಿದ್ದರು. “ಕೂತ್ಕೊ. ಉಮರಬ್ಬ ಬ್ಯಾರಿಯ ವಿಷಯ. ನಿನ್ನೆ ಸಂಜೆ ನಾನು ನೋಡ್ಲಿಕ್ಕೆ ಹೋಗಿದ್ದೆ. ಎಂತ ನೋವು ಮಾರಾಯ ಆ ಮನುಷ್ಯನಿಗೆ. ಹೊಟ್ಟೆಯೊಳಗೆ ಗಡ್ಡೆ ಇಷ್ಟು ದೊಡ್ಡದಾಗಿದೆ. ದಿನಕ್ಕೆ ಎರಡು ಪೆಥಿಡಿನ್ ಕೊಡ್ತಾ ಇದ್ದೀಯಲ್ಲ ನೀನು?”

“ಕೊಡ್ತಾ ಇದ್ದೇನೆ ಡಾಕ್ಟ್ರೇ.”

“ಆದರೂ ಏನೂ ತಾಗುವುದಿಲ್ಲ. ಯಾಕೆ ಗೊತ್ತುಂಟಾ?”

ಈಗ ಹೇಳಿಬಿಡುತ್ತಾರೆ ಎಂದುಕೊಂಡ ಕೃಷ್ಣರಾಜ. ಹೇಳಿಬಿಡಲಿ ಎಂದೂ ಒಂದು ಕ್ಷಣ ಆಸೆಪಟ್ಟ. ಡಾಕ್ಟರು ಚೀಟಿಯ ಪ್ಯಾಡು ಎಳೆದು ಪೆನ್ಸಿಲಿನಿಂದ ಒಂದು ತಲೆಯ ಚಿತ್ರ ಬರೆದರು, ಅದರೊಳಗೆ ಗೋಡಂಬಿಯಂತೆ ಒಂದು ಮೆದುಳು.

“ಇಗರ್ಜಿಯ ಪಕ್ಕದಲ್ಲಿ ಮನೆ ಮಾಡಿದವನನ್ನು ಕೇಳು. ಮೊದಲ ದಿನ ಗಂಟೆ ಹೊಡೆದರೆ ಮೈಯೆಲ್ಲ ಜುಮ್ ಅನ್ನುತ್ತದೆ. ಆರು ತಿಂಗಳ ಮೇಲೆ ಗಂಟೆ ಕೇಳುವುದೇ ಇಲ್ಲ. ಆದರೆ ಒಂದು ದಿನ ಗಂಟೆ ಹೊಡೆಯಲಿಲ್ಲ ಅಂತಿಟ್ಟುಕೋ, ನಿದ್ದೆಯಿಂದ ಎದ್ದು ಕೂತುಕೊಳ್ತಾನೆ. ಮೆದುಳು ಹಾಗೆ. ಈ ಮದ್ದು ದಿನಾ ಬರ್ತದೆ ಅಂತ ಗೊತ್ತಾದ ಮೇಲೆ ಅದು ತನ್ನ ಲೆವೆಲ್ಲನ್ನೇ ಬದಲಿಸಿಕೊಳ್ತದೆ. ನೋವು ಕಡಿಮೆ ಮಾಡುವ ಕೆಲಸ, ಸ್ವಲ್ಪ ಸಂತೋಷವಾಗಿ ಇರುವ ಕೆಲಸ, ಎಲ್ಲ ಮದ್ದಿನ ತಲೆಗೆ ಕಟ್ಟಿ ತಾನು ಸುಮ್ಮನೆ ಕೂತುಬಿಡ್ತದೆ. ಇದು ನನ್ನ ಅಂದಾಜು, ಪೂರಾ ಯಾರಿಗೂ ಗೊತ್ತಿಲ್ಲ. ಆಮೇಲೆ ಆ ಮನುಷ್ಯನಿಗೆ ಮಗಳು ಬೇಡ, ಊಟ ಬೇಡ, ನಮಾಜಿನಲ್ಲೂ ಮನಸ್ಸು ನಿಲ್ಲುವುದಿಲ್ಲ. ಯಾವಾಗ ಸೂಜಿ, ಯಾವಾಗ ಸೂಜಿ, ಅಷ್ಟೇ. ಪಾಪ, ಅವನ ತಪ್ಪು ಎಂತ ಉಂಟು ಇದರಲ್ಲಿ?”

ಕೃಷ್ಣರಾಜ ಆ ಚಿತ್ರವನ್ನೇ ನೋಡುತ್ತಿದ್ದ. ತನ್ನನ್ನು ಇಷ್ಟು ಸರಿಯಾಗಿ ಬರೆದವರು ಇನ್ನೊಬ್ಬರಿಲ್ಲ, ಆದರೆ ಕೆಳಗೆ ಹಾಕಿದ ಹೆಸರು ಬೇರೆಯವರದ್ದು. ಅವನ ತಪ್ಪು ಎಂತ ಉಂಟು ಎಂದು ಡಾಕ್ಟರು ಕೇಳಿದ ಆ ಮೆತ್ತನೆಯ ದನಿ ತನಗೆ ಸಲ್ಲಬೇಕಾದದ್ದು ಎಂದು ಅವನಿಗೆ ಅನ್ನಿಸಿತು. ಉಮರಬ್ಬರ ಮೆದುಳಿಗೆ ಯಾವ ಗಂಟೆಯೂ ಅಭ್ಯಾಸವಾಗಿಲ್ಲ. ಐದು ವಾರದಿಂದ ಅವರ ರಕ್ತಕ್ಕೆ ಹೋದದ್ದು ಕುದಿಸಿ ಆರಿಸಿದ ನೀರು.

“ಅದಕ್ಕೆ ಇವತ್ತು ಬೆಳಗಿನದ್ದು ಬೇಡ,” ಡಾಕ್ಟರು ಪ್ಯಾಡು ಮುಚ್ಚಿದರು. “ಸಂಜೆ ಐದಕ್ಕೆ ನಾನೇ ಬರ್ತೇನೆ. ಮಾರ್ಫಿಯಾ ಕೊಡುವ, ದೊಡ್ಡ ಡೋಸು. ಇದುವರೆಗೆ ಏನೂ ತೆಗೆದುಕೊಳ್ಳದವನಿಗೆ ಅಷ್ಟು ಕೊಟ್ಟರೆ ಮೆದುಳು ಉಸಿರಾಡುವುದನ್ನೇ ಮರೆತುಬಿಟ್ಟೀತು. ಈ ವಯಸ್ಸಿಗೆ ಬೆಳಗಾಗುವುದರೊಳಗೆ ಮುಗೀತು. ಆದರೆ ಇವನಿಗೆ ಒಗ್ಗಿದೆಯಲ್ಲ, ತೊಂದರೆ ಇಲ್ಲ. ನೀನು ನಾಲ್ಕಕ್ಕೇ ಹೋಗಿ ಸಿರಿಂಜು ಕುದಿಸಿ ಇಡು. ಎಂತ? ಮೈ ಸರಿ ಇಲ್ಲವಾ?”

“ಏಕಾದಶಿ ಡಾಕ್ಟ್ರೇ. ಉಪವಾಸ.”

“ದೇವರು ಕಾಪಾಡಲಿ ನಿಮ್ಮ ಜನರನ್ನು,” ಎಂದು ಯೂಸ್ಟೇಸ್ ನಕ್ಕು, ಒಂದು ತಲೆನೋವಿನ ಮಾತ್ರೆ ಕೊಟ್ಟರು. ಅವನು ಎರಡೂ ಕೈ ಒಡ್ಡಿ, ಪ್ರಸಾದ ತೆಗೆದುಕೊಳ್ಳುವವನಂತೆ ಅದನ್ನು ತೆಗೆದುಕೊಂಡ.

ಆ ಹಗಲು ಹೇಗೆ ಕಳೆಯಿತು ಎಂದು ಯಾರಾದರೂ ಕೇಳಿದರೆ ಅವನಿಗೆ ಹೇಳಲು ಬರುವಂತಿರಲಿಲ್ಲ. ಒಂಬತ್ತು ಸಲವಾದರೂ ಡಾಕ್ಟರ ಬಾಗಿಲವರೆಗೆ ಹೋದ. ಹೇಳಬೇಕಾದ ವಾಕ್ಯ ತಯಾರಿತ್ತು. ಅದು ಉದ್ದವೂ ಅಲ್ಲ: ಡಾಕ್ಟ್ರೇ, ಅವರಿಗೆ ಹೋದದ್ದು ನೀರು, ಮದ್ದು ನನಗೆ ಹೋಗಿದೆ. ಇಷ್ಟೇ. ಪದ್ಯದ ಅರ್ಧ ಸಾಲಿನಷ್ಟು. ಆದರೆ ಆ ಅರ್ಧ ಸಾಲಿನ ಬೆನ್ನಿಗೆ ಅಪೊಲೋನಿಯಾಳ ಮುಖ ಬರುತ್ತಿತ್ತು, ಮಠದ ಮುದುಕರು ತೋಳಿನಿಂದ ಕೈ ಹಿಂದೆ ತೆಗೆಯುತ್ತಿದ್ದರು, ವಾರಿಜಾ ಬಾಳೆಯ ಎದುರು ನಿಂತುಕೊಂಡಿರುತ್ತಿದ್ದಳು. ಇವೆಲ್ಲ ನಿಜವಾದ ಕಾರಣ ಅಲ್ಲ ಎಂಬುದೂ ಅವನಿಗೆ ಗೊತ್ತಿತ್ತು. ಹೇಳಿಬಿಟ್ಟರೆ ನಾಳೆ ಬೆಳಿಗ್ಗೆ ಹತ್ತಕ್ಕೆ ಸೂಜಿ ಇಲ್ಲ. ಕಾರಣ ಅದು. ಉಳಿದವರೆಲ್ಲ ಆ ಒಂದು ಕಾರಣವನ್ನು ಮರೆಮಾಡಲು ಕೈ ಕೈ ಹಿಡಿದು ನಿಂತ ನೆಂಟರು. ಮಧ್ಯಾಹ್ನ ಒಮ್ಮೆ ಧೈರ್ಯ ಮಾಡಿ, “ಡಾಕ್ಟ್ರೇ, ಒಂದು ವಿಷಯ,” ಎಂದದ್ದು ಹೌದು. ಡಾಕ್ಟರು ಊಟದ ಡಬ್ಬಿ ಬಿಚ್ಚುತ್ತ, “ಹೇಳು,” ಎಂದರು. ಡಬ್ಬಿಯಿಂದ ಮೀನಿನ ಪರಿಮಳ ಎದ್ದಿತು. “ಸ್ಪಿರಿಟ್ ಮುಗಿಯುತ್ತಾ ಬಂತು,” ಎಂದು ಅವನು ಹೊರಗೆ ಬಂದ.

ಮೂರೂವರೆಗೆ ಚೀಲ ಹಿಡಿದು ಹೊರಟ. ಹಂಪನಕಟ್ಟೆಯ ಬಿಸಿಲು ಕಣ್ಣಿಗೆ ಸೂಜಿಯಂತೆ ಚುಚ್ಚಿತು. ಮೈ ಬೆವರುತ್ತಿತ್ತು, ಒಳಗೆ ಚಳಿ. ಬಂದರಿನ ಇಳಿಜಾರಿಗೆ ತಿರುಗುವಾಗ ಅವನಲ್ಲಿ ಒಂದು ದೊಡ್ಡ ನಿಶ್ಚಯ ಹುಟ್ಟಿತು. ದಾರಿ ಇಳಿಯುವಾಗ ಯಾವ ನಿಶ್ಚಯವೂ ಸುಲಭ. ಇವತ್ತು ಹೋದಕೂಡಲೇ ಸಾಹುಕಾರರಿಗೆ ನಿಜವಾದ ಪೆಥಿಡಿನ್ ಒಂದನ್ನು ಕೊಡುವುದು. ನೋವು ಇಳಿಯುತ್ತದೆ. ಐದಕ್ಕೆ ಡಾಕ್ಟರು ಬರುವಾಗ ಅವರು ಶಾಂತವಾಗಿ ಮಲಗಿರುತ್ತಾರೆ. ಮಾರ್ಫಿಯಾ ಬೇಡವೇ ಆಗಬಹುದು. ಯಾರೂ ಏನೂ ಹೇಳಬೇಕಾಗಿಲ್ಲ. ಇಷ್ಟು ಸರಳವಾದದ್ದು ಬೆಳಗ್ಗಿನಿಂದ ಯಾಕೆ ಹೊಳೆಯಲಿಲ್ಲ? ಧಕ್ಕೆಯಲ್ಲಿ ದ್ವೀಪದಿಂದ ಬಂದ ಮಂಜಿ ಹಡಗೊಂದು ಹಾಯಿ ಇಳಿಸಿ ನಿಂತಿತ್ತು, ಹುರಿಹಗ್ಗದ ಸುರುಳಿಗಳನ್ನು ಹೊತ್ತು ಆಳುಗಳು ಹಲಗೆಯ ಮೇಲೆ ನಡೆಯುತ್ತಿದ್ದರು. ಕೃಷ್ಣರಾಜನಿಗೆ ತನ್ನ ಬಗ್ಗೆ ಕರುಣೆ ಉಕ್ಕಿತು, ಸ್ವಲ್ಪ ಗೌರವವೂ. ನಾನು ಕೆಟ್ಟವನಲ್ಲ, ಎಂದುಕೊಂಡ. ಎರಡು ಸಲ.

ಉಮರಬ್ಬರ ಮನೆಯಲ್ಲಿ ಅವನಿಗೊಂದು ಪ್ರತ್ಯೇಕ ವ್ಯವಸ್ಥೆ ಇತ್ತು. ಮೊದಲ ದಿನ ಅರ್ಚಕರ ಮಗ ಇಂಜೆಕ್ಷನ್ ಕೊಡಲು ಬರುತ್ತಾರೆ ಎಂದು ಕೇಳಿದಾಗಲೇ ಸಾಹುಕಾರರು ಮಗಳು ಬೀಫಾತಿಮ್ಮನನ್ನು ಕರೆದು ಹೇಳಿದ್ದರು: ಭಟ್ಟರು ಮಡಿಯವರು, ಅವರಿಗೆ ನಮ್ಮಿಂದ ತೊಂದರೆ ಆಗಬಾರದು. ಹಿತ್ತಿಲ ಕಡೆಯ ಸಣ್ಣ ಕೋಣೆ ಸಾರಿಸಿ ಅವನಿಗೆ ಬಿಟ್ಟಿದ್ದರು. ಹೊಸ ಸ್ಟವ್, ಹೊಸ ಪಾತ್ರೆ. ಅವನೇ ಬಾವಿಯಿಂದ ಸೇದಿಕೊಳ್ಳಲು ಒಂದು ತಾಮ್ರದ ತಂಬಿಗೆ. ಹುಣಸೆಹುಳಿ ಹಾಕಿ ತಿಕ್ಕಿ ಬಾಗಿಲ ಹೊರಗೇ ಇಡುತ್ತಿದ್ದರು, ತುಂಬಿದ ಮೇಲೆ ಯಾರೂ ಮುಟ್ಟುತ್ತಿರಲಿಲ್ಲ. ಕುಡಿಯಲು ಕೊಡುವುದಾದರೆ ಎಳನೀರಿನ ಬೊಂಡ, ಅದನ್ನೂ ಅವನ ಕಣ್ಣೆದುರೇ ಕೆತ್ತುವುದು. ಸಿರಿಂಜು ಕುದಿಯುವಷ್ಟು ಹೊತ್ತು ಆ ಕೋಣೆಯ ಹತ್ತಿರ ಒಂದು ಮಗುವೂ ಸುಳಿಯದಂತೆ ಬೀಫಾತಿಮ್ಮ ನಡುಮನೆಯ ಬಾಗಿಲಲ್ಲಿ ಕಾವಲು ಕೂರುತ್ತಿದ್ದಳು. ಇಷ್ಟು ಮರ್ಯಾದೆಯ ಗೋಡೆ ಅವನ ಸುತ್ತ ಯಾರೂ ಕಟ್ಟಿರಲಿಲ್ಲ. ಆ ಗೋಡೆಯೊಳಗೆ ಅವನು ಪ್ರತಿದಿನ ಎರಡು ಸಲ ಪಂಚೆ ಸರಿಸಿ ತೊಡೆಗೆ ಚುಚ್ಚಿಕೊಳ್ಳುತ್ತಿದ್ದ.

“ಬನ್ನಿ ಭಟ್ಟರೆ,” ಅಂದಳು ಬೀಫಾತಿಮ್ಮ, ತಲೆಯ ಸೆರಗು ಎಳೆದುಕೊಂಡು. ನಲ್ವತ್ತು ದಾಟಿದ ವಿಧವೆ. ನಿದ್ದೆ ಇಲ್ಲದೆ ಕಣ್ಣಿನ ಕೆಳಗೆ ಕಪ್ಪಾಗಿತ್ತು. “ಬೆಳಿಗ್ಗೆ ನೀವು ಬರಲಿಲ್ಲ, ನಮ್ಮ ಉಪ್ಪ ಹಾಸಿಗೆ ಕಚ್ಚಿಕೊಂಡು ಬಿದ್ದಿದ್ದರು. ಡಾಕ್ಟ್ರು ಅಂಗಡಿಗೆ ಫೋನ್ ಮಾಡಿದ್ದರಂತೆ, ಐದು ಗಂಟೆಗೆ ದೊಡ್ಡ ಮದ್ದು ಉಂಟಂತೆ. ಹೌದಾ?”

“ಹೌದು. ಅದಕ್ಕೆ ಮೊದಲು ಸಣ್ಣದೊಂದು ಕೊಡ್ಲಿಕ್ಕೆ ಹೇಳಿದ್ದಾರೆ.” ನಾಲಗೆ ಅವನಿಗಿಂತ ಮುಂದೆ ಓಡಿತ್ತು. ಸುಳ್ಳು ಹೇಳಿದ್ದು ಸಾಹುಕಾರರ ಒಳ್ಳೆಯದಕ್ಕೆ, ಎಂದು ಅದರ ಹಿಂದಿನಿಂದ ಅವನು ಓಡಿದ. ಅವಳು ಕಪಾಟಿನಿಂದ ಆಂಪೂಲು ತಂದು, ಅವನ ಕೈ ಸೋಕದ ಹಾಗೆ ಬಾಳೆಲೆಯ ತುಂಡಿನ ಮೇಲೆ ಇಟ್ಟು ಹಿಂದೆ ಸರಿದಳು.

ಕೋಣೆಯ ಬಾಗಿಲು ಮುಚ್ಚಿದ. ತಂಬಿಗೆಯ ನೀರು ಪಾತ್ರೆಗೆ ಸುರಿದ. ಸ್ಟವ್ ಹತ್ತಿತು. ನೀರಿನ ತಳದಲ್ಲಿ ಸಣ್ಣ ಸಣ್ಣ ಗುಳ್ಳೆ ಏಳತೊಡಗಿದವು. ಇದು ಸಾಹುಕಾರರಿಗೆ, ಎಂದು ಬಾಯಿಬಿಟ್ಟೇ ಹೇಳಿಕೊಂಡ. ಆಂಪೂಲನ್ನು ಎತ್ತಿ ಬೆಳಕಿಗೆ ಹಿಡಿದ. ಇದು ಸಾಹುಕಾರರಿಗೆ. ಆಂಪೂಲಿನ ಕುತ್ತಿಗೆಗೆ ಅರ ತಿಕ್ಕಿದ. ಟಿಕ್. ಅಷ್ಟರಲ್ಲಿ ನಡುಮನೆಯಲ್ಲಿ ಬೀಫಾತಿಮ್ಮ ಮಾಲೆ ಹಾಡಲು ಸುರು ಮಾಡಿದಳು. ತಂದೆಯ ನೋವು ಏರಿದಾಗಲೆಲ್ಲ ಅವಳು ಹಾಡುತ್ತಿದ್ದಳು. ಸಂತರನ್ನು ಹೊಗಳುವ, ಅವರ ಭಾಷೆಯ ಹಾಡು. ಕೃಷ್ಣರಾಜನಿಗೆ ಶಬ್ದ ಪೂರ್ತಿ ತಿಳಿಯದು, ಆದರೆ ಏರುವ ಜಾಗ, ಇಳಿಯುವ ಜಾಗ, ನಡುವೆ ಅವಳು ಎಳೆದುಕೊಳ್ಳುವ ಉಸಿರು, ಎಲ್ಲವೂ ಕಿವಿಗೆ ಬೀಳುತ್ತಿತ್ತು. ಅಪ್ಪಯ್ಯ ಇದ್ದಿದ್ದರೆ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಅವನು ಹಾಡಿನ ಕಡೆಗೆ ತನ್ನನ್ನು ತಳ್ಳಿದ, ಮುಳುಗುವವನು ದಡದ ಕಡೆಗೆ ಕೈ ಚಾಚಿದ ಹಾಗೆ. ಒಂದು ಎಳೆ ಅಲುಗಿದರೆ ಸಾಕು, ಒಂದೇ ಒಂದು, ನಾನು ಇದನ್ನು ಮುಟ್ಟುವುದಿಲ್ಲ ದೇವರೇ. ಹಾಡು ಬಂತು, ತೆಂಗಿನ ಒಣ ಮಡಲಿನ ಮೇಲೆ ಬಿದ್ದ ನೀರಿನ ಹಾಗೆ ಮೇಲಿಂದ ಮೇಲೇ ಜಾರಿ ಹೋಯಿತು. ಕಣ್ಣೀರು ಧಾರಾಳವಾಗಿ ಇಳಿಯುತ್ತಿತ್ತು. ಮೈಯೆಲ್ಲ ರೋಮ ನಿಂತಿತ್ತು. ಒಳಗೆ ಯಾರೂ ಇರಲಿಲ್ಲ.

ಆಮೇಲೆ ಎಂದು ಹೇಳಲು ಏನೂ ಇಲ್ಲ. ನಿಶ್ಚಯ ಮಾಡಿದವನು ಬಂದರಿನ ಇಳಿಜಾರಿನಲ್ಲೇ ಉಳಿದಿದ್ದ. ಕೋಣೆಯಲ್ಲಿದ್ದವನು ಅಭ್ಯಾಸದ ಕೈಯವನು. ತೊಡೆಯಲ್ಲಿ ಸಣ್ಣ ಉರಿ, ಹತ್ತು ನಿಮಿಷ, ಮತ್ತೆ ಬೆನ್ನಿನಿಂದ ಯಾರೋ ಒದ್ದೆ ಬಟ್ಟೆ ಎಳೆದು ತೆಗೆದ ಹಾಗೆ ಚಳಿ ಹೋಯಿತು. ಕಣ್ಣು ಒಣಗಿತು. ಕೈ ತನ್ನದಾಯಿತು. ಸಂತೋಷ ಇಲ್ಲ, ಅಪ್ಪಯ್ಯ ಇಲ್ಲ, ದುಃಖವೂ ಸರಿಯಾಗಿ ಇಲ್ಲ. ಈಗ ಗಡಿಯಾರ ನೋಡಿದ: ನಾಲ್ಕು ಇಪ್ಪತ್ತು. ಸೂಜಿ ಮತ್ತೆ ಕುದಿಸಿ, ಆರಿದ ನೀರು ಎಳೆದುಕೊಂಡು, ಬಾಗಿಲು ತೆಗೆದ.

ಉಮರಬ್ಬರು ಕಿಟಕಿಯ ಪಕ್ಕ ಎಡಗಡೆಗೆ ಮುದುಡಿ ಮಲಗಿದ್ದರು. ಮಂಜಿಗಳನ್ನು ದ್ವೀಪಕ್ಕೆ ಕಳಿಸುತ್ತಿದ್ದ ದೊಡ್ಡ ಮೈ ಈಗ ಸುತ್ತಿಟ್ಟ ಚಾಪೆಯಷ್ಟೇ ಉಳಿದಿತ್ತು. ಎದುರಿನ ಗೋಡೆಯಲ್ಲಿ ಗಡಿಯಾರ. ಅವರು ಕಣ್ಣಿನಿಂದಲೇ ಮಗಳಿಗೆ ಸನ್ನೆ ಮಾಡಿದರು. ಅವಳು ಹಾಡು ನಿಲ್ಲಿಸಿ, ಬೊಂಡ ತರಿಸುತ್ತೇನೆಂದು ಹೊರಗೆ ಹೋದಳು.

“ಕೈ ಕೊಡಿ ಸಾಹುಕಾರ್ರೆ,” ಎಂದ ಕೃಷ್ಣರಾಜ.

ಅವರು ಕೈ ಕೊಡಲಿಲ್ಲ. ಸಿರಿಂಜನ್ನು ನೋಡಿ, ಹಲ್ಲು ಕಚ್ಚಿಕೊಂಡೇ ನಕ್ಕರು. “ನಮ್ಮ ಮನೆಯ ನೀರು ನೀವು ಕುಡಿಯುವುದಿಲ್ಲ ಭಟ್ಟರೆ. ನಿಮ್ಮ ತಂಬಿಗೆಯ ನೀರು ಮಾತ್ರ ನಾನು ದಿನಾ ಎರಡು ಸಲ ತೆಗೆದುಕೊಳ್ತಾ ಇದ್ದೇನೆ. ಇವತ್ತು ಸಾಕು.”

ಹೊರಗೆ ಕತ್ತಿಯಿಂದ ಬೊಂಡ ಕೆತ್ತುವ ಶಬ್ದ ಕೇಳಿಸಿತು. ಕೃಷ್ಣರಾಜ ಸಿರಿಂಜು ಹಿಡಿದ ಹಾಗೆಯೇ ಕುಕ್ಕರಿಸಿದ. ಹೆದರಿಕೆ ಆಗಬೇಕಿತ್ತು. ಮದ್ದು ಅದನ್ನೂ ದೂರದಲ್ಲಿ ನಿಲ್ಲಿಸಿತ್ತು. ಬೇರೆ ಯಾರದೋ ಮನೆಯಲ್ಲಿ ಆಗುತ್ತಿರುವ ಗಲಾಟೆಯ ಹಾಗೆ ಅದು ಕೇಳಿಸುತ್ತಿತ್ತು.

“ಯಾವಾಗಿನಿಂದ ಗೊತ್ತು?”

“ಪೆರ್ನಾಲ್ ಹಬ್ಬ ಕಳೆದು ಒಂದು ವಾರಕ್ಕೆ. ಮದ್ದು ಒಳಗೆ ಹೋದರೆ ಒಂದು ಬಿಸಿ ಉಂಟು, ಅದು ಬರಲಿಲ್ಲ.” ಅವರು ಮಾತಿನ ನಡುವೆ ನಿಂತರು, ಹೊಟ್ಟೆಗೆ ಮೊಣಕಾಲು ಒತ್ತಿಕೊಂಡರು, ಅಲೆ ದಾಟುವವರೆಗೆ ಕಾದರು. “ನನ್ನಲ್ಲಿ ಒಬ್ಬ ತಂಡೇಲ ಇದ್ದ. ಮಂಜಿ ನಡೆಸಲಿಕ್ಕೆ ಅವನಷ್ಟು ಜಾಣ ಈ ಬಂದರಿನಲ್ಲಿ ಇರಲಿಲ್ಲ. ಅಫೀಮು ತಿನ್ನುತ್ತಿದ್ದ. ಸಿಕ್ಕದ ದಿನ ಆಕಳಿಸುವುದು, ಮೂಗು ಸುರಿಯುವುದು, ನಿಮ್ಮ ಹಾಗೆಯೇ. ಮೊದಲು ನಾನೂ ನಂಬಿದ್ದೆ ಭಟ್ಟರೆ. ಬೀಫಾತಿಮ್ಮ ಹಾಡುವಾಗ ನೀವು ಅಳ್ತೀರಲ್ಲ, ಇವರದ್ದೂ ನಮ್ಮದೂ ದೇವರು ಒಂದೇ ಕಡೆ ತಾಗ್ತದೆ ಅಂತ. ಆಮೇಲೆ ನೋಡಿದೆ. ಆ ಕೋಣೆಗೆ ಹೋಗುವಾಗ ಅಳ್ತೀರಿ, ಹೊರಗೆ ಬಂದ ಮೇಲೆ ಅಳುವುದಿಲ್ಲ. ಹಾಡು ಅದೇ ಇರ್ತದೆ.”

“ಡಾಕ್ಟರಿಗೆ ಯಾಕೆ ಹೇಳಲಿಲ್ಲ?”

“ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ, ದೇವಸ್ಥಾನದವರ ಮಗ ಅಂತ ಕಾದೆ,” ಅಂದರು ಉಮರಬ್ಬ. “ಮತ್ತೆ ಮಗಳಿಗೆ ಸಂತೋಷ ಇತ್ತು. ಭಟ್ಟರು ಅತ್ತರು ಉಪ್ಪ, ಭಟ್ಟರು ಅತ್ತರು ಅಂತ. ಅವಳಿಗೆ ಬೇರೆ ಎಂತ ಉಂಟು?”

ಬೀಫಾತಿಮ್ಮ ಬೊಂಡವನ್ನು ಬಾಗಿಲ ಹೊರಗಿಟ್ಟು ಹೋದ ಸದ್ದಾಯಿತು. ನಾಲ್ಕು ಮೂವತ್ತೈದು. ಫಳ್ನೀರಿನಲ್ಲಿ ಡಾಕ್ಟರು ಈಗ ಚಾ ಕುಡಿದು ಕಾರಿನ ಕೀಲಿಕೈ ಹುಡುಕುತ್ತಿರಬಹುದು. ಉಮರಬ್ಬರ ಅಂಗಡಿ ಎರಡು ಬಾಗಿಲು ಆಚೆ, ಅಲ್ಲಿ ಫೋನ್ ಉಂಟು. ಎದ್ದು ಹೋಗಿ ಅರ್ಧ ಸಾಲು ಹೇಳಿದರೆ ಆಯಿತು. ಕೃಷ್ಣರಾಜ ತನ್ನ ಕಾಲುಗಳನ್ನು ನೋಡಿದ. ಅವು ಹಿತವಾಗಿ, ಬೆಚ್ಚಗೆ, ಮಡಚಿಕೊಂಡು ಕೂತಿದ್ದವು.

“ಸಾಹುಕಾರ್ರೆ,” ಎಂದ. ದನಿ ಆಶ್ಚರ್ಯವಾಗುವಷ್ಟು ನಯವಾಗಿತ್ತು. “ಐದಕ್ಕೆ ಕೊಡುವ ಮದ್ದು ದೊಡ್ಡದು. ಇಷ್ಟು ದಿನ ಪೆಥಿಡಿನ್ ತೆಗೆದುಕೊಂಡವರಿಗೆ ಅಂತ ಡಾಕ್ಟ್ರು ಲೆಕ್ಕ ಹಾಕಿದ್ದು. ನಿಮ್ಮ ಶರೀರಕ್ಕೆ ಅಭ್ಯಾಸ ಇಲ್ಲ. ಅಷ್ಟು ಒಟ್ಟಿಗೆ ಹೋದರೆ ಉಸಿರು ನಿಲ್ಲಬಹುದು. ಬೆಳಗಾಗಲಿಕ್ಕಿಲ್ಲ.”

ಉಮರಬ್ಬರು ಸುಮ್ಮನೆ ಕೇಳುತ್ತಿದ್ದರು, ಯಾರದೋ ಮಂಜಿಯ ಸುದ್ದಿ ಕೇಳುವ ಹಾಗೆ.

“ಅದಕ್ಕೆ ನೀವು ಬೇಡ ಹೇಳಿ. ನನಗೆ ದೊಡ್ಡ ಮದ್ದು ಬೇಡ, ಭಟ್ಟರು ಕೊಡುವುದೇ ಸಾಕು ಅಂತ ಒಂದು ಮಾತು. ನಿಮ್ಮ ಮಾತು ಡಾಕ್ಟ್ರು ತೆಗೆದುಹಾಕುವುದಿಲ್ಲ. ನಾಳೆಯಿಂದ ನಾನು ಸರಿಯಾಗಿ ಕೊಡ್ತೇನೆ. ನೀರಲ್ಲ, ಮದ್ದು. ದೇವರ ಮೇಲೆ ಆಣೆ.”

“ಯಾವ ದೇವರ ಮೇಲೆ?” ಎಂದು ಕೇಳಿದರು ಅವರು. ತಮಾಷೆಯೋ, ನಿಜವಾಗಿ ಕೇಳಿದ್ದೋ ತಿಳಿಯಲಿಲ್ಲ. ಮತ್ತೆ ಮುಖವನ್ನು ಗೋಡೆಯ ಗಡಿಯಾರದ ಕಡೆಗೆ ತಿರುಗಿಸಿದರು. “ನೀವೇ ಹೇಳಬಹುದಲ್ಲ, ನಡೆದದ್ದು ಎಂತ ಅಂತ. ಅವರು ಕಡಿಮೆ ಮಾಡಿ ಕೊಡ್ತಾರೆ. ಇಬ್ಬರದ್ದೂ ಆಗ್ತದೆ.”

ಇಬ್ಬರದ್ದೂ. ಆ ಶಬ್ದದೊಳಗೆ ಅವನಿಗಾಗಿ ಮಾಡಿಟ್ಟಿದ್ದ ಜಾಗ ಅವನಿಗೆ ಕಂಡಿತು. ಸಾರಿಸಿದ ಕೋಣೆಯ ಹಾಗೆ, ತಿಕ್ಕಿಟ್ಟ ತಂಬಿಗೆಯ ಹಾಗೆ ಅದೂ ಶುಭ್ರವಾಗಿತ್ತು. ಹೌದು ಎನ್ನಲು ಅವನು ಬಾಯಿ ತೆರೆದ. ಆರೂವರೆಗೆ ಮುಂದಿನ ಸಾಲಿನಲ್ಲಿ ಕೂರಿಸುತ್ತಾರೆ. ಮದ್ದಿನ ಬಲದಲ್ಲಿ ಇವತ್ತು ಕಣ್ಣೀರು ಬರಲಿಕ್ಕಿಲ್ಲ, ವಾರಿಜಾ ಎಂತ ಎಣಿಸಿಯಾಳು ಎಂದು ಯೋಚನೆ ಹೋಯಿತು. ಅಲ್ಲಿಂದ ನಾಳೆಯ ಹತ್ತು ಗಂಟೆಗೆ. ಅಲ್ಲಿಯೇ ನಿಂತಿತು.

“ನನ್ನಿಂದ ಆಗುವುದಿಲ್ಲ,” ಎಂದ ಕೃಷ್ಣರಾಜ. “ನೀವು ಹೇಳಿ ಸಾಹುಕಾರ್ರೆ. ನಿಮ್ಮ ಕಾಲು ಹಿಡಿತೇನೆ. ಬೇಡ ಅಂತ ಒಂದು ಶಬ್ದ.” ಅವನು ನಿಜವಾಗಿಯೂ ಅವರ ಕಾಲಿಗೆ ಕೈ ಹಾಕಿದ. ಒಣಗಿದ, ತಣ್ಣಗಿನ ಪಾದ, ನೋವಿಗೆ ಬೆರಳುಗಳು ಒಳಕ್ಕೆ ಮುದುಡಿಕೊಂಡಿದ್ದವು. ಇಷ್ಟು ದಿನದಲ್ಲಿ ಸೂಜಿಯ ಜಾಗ ಬಿಟ್ಟು ಅವರನ್ನು ಅವನು ಮುಟ್ಟಿದ್ದು ಇದೇ ಮೊದಲು.

ಉಮರಬ್ಬರು ಮೆಲ್ಲನೆ ಕಾಲು ಎಳೆದುಕೊಂಡರು.

“ಇಲ್ಲ ಭಟ್ಟರೆ,” ಎಂದರು. “ಹೇಳಬೇಕಾದವರು ನೀವು. ನಾನು ಬೇಡ ಹೇಳುವುದಿಲ್ಲ.”